ಕಡಲಿಗೆ ಮಾತು ಕಲಿಸಿದ ಮಾರ್ಕೋನಿ

ಹಡಗು ದಿಗಂತದ ಆಚೆಗೆ ಇಳಿದ ಮೇಲೆ ಅದರ ಸುದ್ದಿ ದಡದವರಿಗೆ ಇಲ್ಲ. ಮನುಷ್ಯನು ಮೊದಲ ದೋಣಿಯನ್ನು ನೀರಿಗೆ ನೂಕಿದ ದಿನದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಬದಲಾಗದೆ ನಿಂತಿದ್ದ ನಿಯಮ ಇದು. ಕೂವೆಮರದ ತುದಿ ಕಾಣುವಷ್ಟು ಹೊತ್ತು ಹೆಂಡಿರು ಮಕ್ಕಳು ದಡದಲ್ಲಿ ನಿಂತಿರುತ್ತಿದ್ದರು. ಅದೂ ಮರೆಯಾದ ಮೇಲೆ ಉಳಿಯುತ್ತಿದ್ದುದು ಹರಕೆ ಮತ್ತು ಕಾಯುವಿಕೆ. ಬಿರುಗಾಳಿಗೆ ಸಿಕ್ಕಿತೋ, ಬಂಡೆಗೆ ಬಡಿಯಿತೋ, ಬೆಂಕಿ ಬಿತ್ತೋ, ಹೇಳುವವರೇ ಇಲ್ಲ. ಬರಬೇಕಾದ ದಿನ ಬಾರದೆ, ತಿಂಗಳುಗಳು ಉರುಳಿ, ಕೊನೆಗೊಂದು ದಿನ ವಿಮೆಯ ಕಚೇರಿಯವರು ಆ ಹಡಗಿನ ಹೆಸರಿನ ಮುಂದೆ ಕಾಣೆಯಾದುದೆಂದು ಬರೆದುಕೊಳ್ಳುತ್ತಿದ್ದರು. ನೆಲದ ಮೇಲೆ ತಂತಿಯ ಸುದ್ದಿ ಓಡಾಡತೊಡಗಿ ಅರ್ಧ ಶತಮಾನ ಕಳೆದಿದ್ದರೂ, ಸಮುದ್ರದ ತಳದಲ್ಲಿ ಕೇಬಲ್ಲುಗಳನ್ನು ಹಾಸಿ ಖಂಡಖಂಡಗಳನ್ನು ಕೂಡಿಸಿದ್ದರೂ, ಚಲಿಸುವ ಹಡಗಿಗೆ ತಂತಿ ಕಟ್ಟುವ ಉಪಾಯ ಯಾರಿಗೂ ಹೊಳೆದಿರಲಿಲ್ಲ.

ಆ ನಿಯಮವನ್ನು ಮುರಿದವನು ಗುಗ್ಲಿಯೆಲ್ಮೊ ಮಾರ್ಕೋನಿ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅವನು ರೇಡಿಯೋ ಕಂಡುಹಿಡಿದವನೆಂಬ ಒಂದೇ ವಾಕ್ಯವಾಗಿ ಉಳಿದಿದ್ದಾನೆ. ಆ ವಾಕ್ಯ ಅರ್ಧ ಮಾತ್ರ ನಿಜ. ನನ್ನ ಮನಸ್ಸನ್ನು ಹಿಡಿದಿರುವುದು ಮನೆಯ ಮೂಲೆಯಲ್ಲಿ ಹಾಡುತ್ತಿದ್ದ ಪೆಟ್ಟಿಗೆಯ ಮಾರ್ಕೋನಿಯಲ್ಲ. ಸರಕುಹಡಗಿನ ಮೇಲಟ್ಟದ ಒಂದು ಇಕ್ಕಟ್ಟಾದ ಕೋಣೆಯಲ್ಲಿ, ಕಿವಿಗೆ ಟೆಲಿಫೋನು ಕಟ್ಟಿಕೊಂಡು, ಇಪ್ಪತ್ತರ ಹರೆಯದ ಹುಡುಗನೊಬ್ಬನು ಕುಳಿತಿರುವಂತೆ ಮಾಡಿದ ಮಾರ್ಕೋನಿ. ಅದರಲ್ಲಿಯೂ ಯುದ್ಧಕಾಲದಲ್ಲಿ. ಅವನ ಸಾಧನೆಯ ಹಿರಿಮೆಯೂ ಅದರೊಳಗೆ ಅಡಗಿದ್ದ ದುರಂತವೂ ಒಟ್ಟಿಗೆ ಕಾಣುವುದು ಆ ಕೋಣೆಯಲ್ಲಿ ಎಂದು ನನ್ನ ಭಾವನೆ.

ಮಾರ್ಕೋನಿ ಹುಟ್ಟಿದ್ದು ಇಟಲಿಯ ಬೊಲೊನ್ಯಾ ನಗರದಲ್ಲಿ, ೧೮೭೪ರ ಏಪ್ರಿಲ್ ೨೫ರಂದು. ತಂದೆ ಜುಸೆಪ್ಪೆ ಜಮೀನುದಾರ, ಲೆಕ್ಕಾಚಾರದ ಮನುಷ್ಯ. ತಾಯಿ ಆ್ಯನಿ ಜೇಮ್ಸನ್ ಐರ್ಲೆಂಡಿನವಳು, ಹೆಸರಾದ ವಿಸ್ಕಿ ವ್ಯಾಪಾರಿಗಳ ಮನೆತನದ ಹೆಣ್ಣು. ಹುಡುಗನಿಗೆ ಕ್ರಮವಾದ ಶಾಲಾಶಿಕ್ಷಣ ದಕ್ಕಲಿಲ್ಲ. ವಿಶ್ವವಿದ್ಯಾನಿಲಯದ ಪದವಿ ಮೊದಲೇ ಇಲ್ಲ. ಆದರೆ ನೆರೆಯಲ್ಲಿದ್ದ ಭೌತಶಾಸ್ತ್ರದ ಪ್ರಾಧ್ಯಾಪಕ ಆಗುಸ್ತೊ ರೀಗಿಯ ಸಹವಾಸ ಸಿಕ್ಕಿತು. ೧೮೯೪ರಲ್ಲಿ ಜರ್ಮನಿಯ ವಿಜ್ಞಾನಿ ಹೈನ್ರಿಕ್ ಹರ್ಟ್ಸ್ ತೀರಿಕೊಂಡಾಗ ಅವನ ವಿದ್ಯುತ್ತರಂಗಗಳ ಪ್ರಯೋಗಗಳನ್ನು ಕುರಿತ ಲೇಖನವೊಂದು ಆಲ್ಪ್ಸ್ ಪರ್ವತದ ತಪ್ಪಲಲ್ಲಿ ಬೇಸಗೆ ಕಳೆಯುತ್ತಿದ್ದ ಈ ಇಪ್ಪತ್ತರ ತರುಣನ ಕೈಗೆ ಬಂತು. ಓದಿದ ಪಂಡಿತರು ಎಷ್ಟೋ ಮಂದಿ. ಅವರೆಲ್ಲ ಆ ಅಲೆಗಳಲ್ಲಿ ಪ್ರಕೃತಿಯ ಒಂದು ರಹಸ್ಯವನ್ನು ಕಂಡರು; ಮಾರ್ಕೋನಿ ಅದರಲ್ಲಿ ತಂತಿಯಿಲ್ಲದ ಅಂಚೆಯನ್ನು ಕಂಡನು.

ಪೊಂಟೆಕ್ಕಿಯೊ ಎಂಬ ಹಳ್ಳಿಯಲ್ಲಿದ್ದ ವಿಲ್ಲಾ ಗ್ರಿಫೋನೆ ಎಂಬ ಅವರ ಮನೆಯ ಅಟ್ಟವೇ ಪ್ರಯೋಗಶಾಲೆಯಾಯಿತು. ಒಂದು ಕಡೆ ಕಿಡಿ ಹಾರಿಸುವ ಸುರುಳಿ, ಇನ್ನೊಂದು ಕಡೆ ಲೋಹದ ಪುಡಿ ತುಂಬಿದ ಗಾಜಿನ ನಳಿಗೆ. ಅಲೆ ಬಂದು ತಾಕಿದೊಡನೆ ಪುಡಿ ಒಂದಕ್ಕೊಂದು ಅಂಟಿ ವಿದ್ಯುತ್ತಿಗೆ ದಾರಿ ಬಿಡುತ್ತಿತ್ತು. ಇವಾವುವೂ ಅವನ ಸ್ವಂತ ಸೃಷ್ಟಿಯಲ್ಲ. ಹರ್ಟ್ಸ್, ರೀಗಿ, ಬ್ರಾನ್ಲಿ, ಲಾಡ್ಜ್ ಮೊದಲಾದವರಿಂದ ಬಂದವು. ಅವನು ಕೂಡಿಸಿದ್ದು ಎತ್ತರಕ್ಕೆ ಏರಿಸಿದ ಒಂದು ತಂತಿ ಮತ್ತು ಭೂಮಿಗೆ ಹೂತ ಒಂದು ತಗಡು. ಅಷ್ಟರಿಂದಲೇ ಕೋಣೆಯೊಳಗಿನ ಅಲೆ ಹೊಲವನ್ನು ದಾಟಿತು. ೧೮೯೫ರಲ್ಲಿ ಗುಡ್ಡದ ಆಚೆ ಬದಿಗೆ ಗ್ರಾಹಕ ಯಂತ್ರವನ್ನು ಒಯ್ದಿದ್ದ ಅಣ್ಣ ಆಲ್ಫೊನ್ಸೊವಿನ ಕಡೆಯಿಂದ, ಸಂಕೇತ ಮುಟ್ಟಿತೆಂಬುದಕ್ಕೆ ಗುರುತಾಗಿ, ಕೋವಿಯ ಸದ್ದು ಕೇಳಿಬಂತೆಂದು ಚರಿತ್ರಕಾರರು ಬರೆದಿದ್ದಾರೆ.

ಇಲ್ಲಿ ನಮ್ಮ ದೇಶದವನೊಬ್ಬನನ್ನು ನೆನೆಯದಿದ್ದರೆ ಅನ್ಯಾಯವಾದೀತು. ಸುಮಾರು ಅದೇ ಕಾಲದಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸ್ ಅದೃಶ್ಯವಾದ ಅಲೆಗಳನ್ನು ಗೋಡೆಗಳ ಮೂಲಕ ಹಾಯಿಸಿ ದೂರದ ಗಂಟೆಯನ್ನು ಬಾರಿಸಿ ತೋರಿಸಿದ್ದನು. ೧೮೯೯ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅವನು ವಿವರಿಸಿದ ಕಬ್ಬಿಣ ಮತ್ತು ಪಾದರಸದ ಗ್ರಾಹಕವೇ ರೂಪ ಬದಲಿಸಿ ಮಾರ್ಕೋನಿಯ ಅಟ್ಲಾಂಟಿಕ್ ಪ್ರಯೋಗಕ್ಕೆ ಬಂತೆಂದು ಒಬ್ಬ ಭಾರತೀಯ ವಿದ್ವಾಂಸರು ೧೯೯೮ರಲ್ಲಿ ವಿಸ್ತಾರವಾಗಿ ವಾದಿಸಿದ್ದಾರೆ. ಬೋಸನಿಗೆ ಪೇಟೆಂಟಿನ ಆಸೆ ಇರಲಿಲ್ಲ. ಮಾರ್ಕೋನಿಗೆ ಅದೇ ಮೊದಲ ಹೆಜ್ಜೆ. ಒಬ್ಬನು ಋಷಿ, ಇನ್ನೊಬ್ಬನು ವರ್ತಕ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಕಡಲಿನ ಮಧ್ಯೆ ಮುಳುಗುತ್ತಿರುವ ನಾವಿಕನಿಗೆ ಋಷಿಯ ಸತ್ಯವನ್ನು ಹಡಗಿನ ಮೇಲೆ ಹತ್ತಿಸಿ ಕೊಡುವ ವರ್ತಕನೊಬ್ಬನು ಬೇಕಾಗಿದ್ದನು ಎಂಬುದನ್ನೂ ಮರೆಯಬಾರದು.

೧೮೯೬ರಲ್ಲಿ ತಾಯಿ ಮಗನನ್ನು ಇಂಗ್ಲೆಂಡಿಗೆ ಕರೆದೊಯ್ದಳು. ಸುಂಕದ ಕಟ್ಟೆಯವರು ಆ ವಿಚಿತ್ರ ಪೆಟ್ಟಿಗೆಯನ್ನು ಶೋಧಿಸುವ ಭರದಲ್ಲಿ ಯಂತ್ರವನ್ನು ಕೆಡಿಸಿದರು. ಅವನು ಮತ್ತೆ ಕಟ್ಟಿದನು. ಆ ವರ್ಷ ಜೂನ್ ೨ರಂದು ಪೇಟೆಂಟಿಗೆ ಅರ್ಜಿ ಹಾಕಿದನು. ಅಂಚೆ ಇಲಾಖೆಯ ಮುಖ್ಯ ಎಂಜಿನಿಯರ್ ವಿಲಿಯಂ ಪ್ರೀಸ್ ಬೆಂಬಲಕ್ಕೆ ನಿಂತನು. ೧೮೯೭ರ ಮೇ ತಿಂಗಳಲ್ಲಿ ಬ್ರಿಸ್ಟಲ್ ಕಡಲ್ಗಾಲುವೆಯ ಲ್ಯಾವರ್‌ನಕ್ ತುದಿಗೂ ಫ್ಲಾಟ್ ಹೋಮ್ ದ್ವೀಪಕ್ಕೂ ನಡುವೆ, ನೀರಿನ ಮೇಲೆ ಸುಮಾರು ೫ ಕಿಲೋಮೀಟರು ದೂರ, ಮೋರ್ಸ್ ಅಕ್ಷರಗಳು ಹಾರಿದವು. ಅದೇ ಜುಲೈಯಲ್ಲಿ ಕಂಪೆನಿ ಹುಟ್ಟಿತು. ಆಗ ಅವನಿಗೆ ಇಪ್ಪತ್ಮೂರು ವಯಸ್ಸು.

ಇಲ್ಲಿಂದ ಮುಂದೆ ಅವನ ಕಣ್ಣು ಕಡಲಿನ ಮೇಲೆಯೇ. ನೆಲದ ಮೇಲೆ ತಂತಿಯ ಕಂಪೆನಿಗಳೊಡನೆ ಸೆಣಸಬೇಕಾಗಿತ್ತು; ನೀರಿನ ಮೇಲೆ ಪ್ರತಿಸ್ಪರ್ಧಿಯೇ ಇರಲಿಲ್ಲ. ೧೮೯೮ರ ಡಿಸೆಂಬರಿನಲ್ಲಿ ಗುಡ್‌ವಿನ್ ಮರಳದಿಬ್ಬದ ಬಳಿ ಲಂಗರು ಹಾಕಿ ನಿಂತಿದ್ದ ದೀಪದ ಹಡಗಿಗೂ ಸೌತ್ ಫೋರ್‌ಲೆಂಡ್ ದೀಪಸ್ತಂಭಕ್ಕೂ ನಿಸ್ತಂತು ಸಂಪರ್ಕ ಏರ್ಪಟ್ಟಿತು. ೧೮೯೯ರ ಏಪ್ರಿಲ್ ೨೮ರಂದು ಮಂಜಿನಲ್ಲಿ ದಾರಿ ಕಾಣದ ಆರ್. ಎಫ್. ಮ್ಯಾಥ್ಯೂಸ್ ಎಂಬ ಹಡಗು ಆ ದೀಪದ ಹಡಗಿಗೇ ಬಂದು ಬಡಿಯಿತು; ದೀಪದ ಹಡಗು ದಡವನ್ನು ಕೂಗಿ ಕರೆಯಿತು; ದಡಕ್ಕೆ ಕೇಳಿಸಿತು. ಸಾವಿರಾರು ವರ್ಷಗಳ ಕಡಲಿನ ಮೂಕತನ ಮುರಿದದ್ದು ಇಂತಹ ಸಣ್ಣ ಅಪಘಾತಗಳಲ್ಲಿ. ೧೯೦೦ರಲ್ಲಿ ಜರ್ಮನಿಯ ಕೈಸರ್ ವಿಲ್‌ಹೆಲ್ಮ್ ಡೆರ್ ಗ್ರೋಸೆ ಎಂಬ ಪ್ರಯಾಣಿಕ ಹಡಗಿನಲ್ಲಿಯೂ, ೧೯೦೧ರಲ್ಲಿ ಬ್ರಿಟನ್ನಿನ ಲೇಕ್ ಶಾಂಪ್ಲೇನ್ ಎಂಬ ಹಡಗಿನಲ್ಲಿಯೂ ಮಾರ್ಕೋನಿಯ ಯಂತ್ರ ಕುಳಿತಿತು.

೧೯೦೧ರ ಡಿಸೆಂಬರ್ ೧೨ರ ಕಥೆ ವಾಚಕರಿಗೆ ತಿಳಿದದ್ದೇ. ನ್ಯೂಫೌಂಡ್‌ಲೆಂಡಿನ ಸಿಗ್ನಲ್ ಹಿಲ್ ಎಂಬ ಗುಡ್ಡದ ಮೇಲೆ, ಚಳಿಗಾಳಿಯಲ್ಲಿ ಹೊಯ್ದಾಡುವ ಗಾಳಿಪಟದಿಂದ ಇಳಿಬಿಟ್ಟ ತಂತಿಯ ತುದಿಗೆ ಕಿವಿಯಿಟ್ಟು, ಸುಮಾರು ೩,೪೦೦ ಕಿಲೋಮೀಟರು ಆಚೆಯ ಕಾರ್ನ್‌ವಾಲಿನ ಪೋಲ್ಡುವಿನಿಂದ ಹೊರಟ ಮೂರು ಚುಕ್ಕೆಗಳನ್ನು ಅವನು ಕೇಳಿದೆನೆಂದನು. ಜತೆಯಲ್ಲಿದ್ದವರು ಕೆಂಪ್ ಮತ್ತು ಪ್ಯಾಜೆಟ್ ಎಂಬ ಇಬ್ಬರೇ. ಕೇಳಿದ್ದು ನಿಜವೇ ಎಂಬ ವಿವಾದ ಇನ್ನೂ ತೀರಿಲ್ಲ. ಎರಡು ತಿಂಗಳ ಮೇಲೆ, ೧೯೦೨ರ ಫೆಬ್ರುವರಿಯಲ್ಲಿ, ಫಿಲಡೆಲ್ಫಿಯ ಎಂಬ ಹಡಗಿನಲ್ಲಿ ಪ್ರಯಾಣ ಮಾಡುತ್ತ, ಯಂತ್ರವೇ ಕಾಗದದ ಪಟ್ಟಿಯ ಮೇಲೆ ಗುರುತು ಮಾಡುವಂತೆ ಏರ್ಪಡಿಸಿ, ೨,೪೯೬ ಕಿಲೋಮೀಟರಿನವರೆಗೆ ಸಂದೇಶಗಳನ್ನು ಹಿಡಿದು ತೋರಿಸಿದನು. ಹಗಲಿಗಿಂತ ಇರುಳಿನಲ್ಲಿ ಅಲೆಗಳು ಬಹಳ ದೂರ ಹೋಗುತ್ತವೆಂಬುದು ತಿಳಿದದ್ದೂ ಆ ಪ್ರಯಾಣದಲ್ಲಿಯೇ. ೧೯೦೯ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನವನ್ನು ಅವನಿಗೂ ಜರ್ಮನಿಯ ಕಾರ್ಲ್ ಫರ್ಡಿನಂಡ್ ಬ್ರೌನನಿಗೂ ಹಂಚಿ ಕೊಟ್ಟರು. ಈ ಬ್ರೌನನನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಬರುತ್ತಾನೆ.

ಮಾರ್ಕೋನಿಯ ಕಂಪೆನಿ ಹಡಗಿನ ಒಡೆಯರಿಗೆ ಯಂತ್ರವನ್ನು ಮಾರುತ್ತಿರಲಿಲ್ಲ. ಬಾಡಿಗೆಗೆ ಕೊಡುತ್ತಿತ್ತು, ಅದರೊಡನೆ ತನ್ನದೇ ಸಂಬಳದ ಆಪರೇಟರನ್ನೂ ಕಳುಹಿಸುತ್ತಿತ್ತು. ಬೇರೆ ಕಂಪೆನಿಯ ಯಂತ್ರವಿದ್ದ ಹಡಗಿನೊಡನೆ ಮಾತನಾಡಕೂಡದೆಂದು ಅವನಿಗೆ ಕಟ್ಟಪ್ಪಣೆ. ಕಡಲಿನಲ್ಲಿಯೂ ಪಂಕ್ತಿಭೇದ! ೧೯೦೬ರಲ್ಲಿ ಬರ್ಲಿನ್ನಿನಲ್ಲಿ ಸೇರಿದ ರಾಷ್ಟ್ರಗಳ ಸಮ್ಮೇಳನ ಈ ಪದ್ಧತಿಯನ್ನು ಒಪ್ಪದೆ, ಯಾರ ಯಂತ್ರವಾದರೂ ಪರಸ್ಪರ ಉತ್ತರ ಕೊಡಬೇಕೆಂದು ಗೊತ್ತುಮಾಡಿತು; ಮೂರು ಚುಕ್ಕೆ, ಮೂರು ಗೆರೆ, ಮೂರು ಚುಕ್ಕೆಯ ಎಸ್‌ಓಎಸ್ ಎಂಬ ಮೊರೆಯನ್ನು ಎಲ್ಲರಿಗೂ ಸಮಾನವಾಗಿ ಮಾಡಿತು. ಮಾರ್ಕೋನಿಯ ವ್ಯಾಪಾರಬುದ್ಧಿಯನ್ನು ಲೋಕದ ವಿವೇಕ ತಿದ್ದಿದ ಸಂದರ್ಭವಿದು.

ಈಗ ಆ ಕೋಣೆಯನ್ನು ಸ್ವಲ್ಪ ನೋಡೋಣ. ಎರಡು ಕೂವೆಮರಗಳ ನಡುವೆ ಕಟ್ಟಿದ ಏರಿಯಲ್ ತಂತಿಗಳು ಮೇಲಟ್ಟದ ಕೋಣೆಗೆ ಇಳಿದು ಬರುತ್ತವೆ. ಹಡಗಿನ ಡೈನಮೋದಿಂದ ಬಂದ ವಿದ್ಯುತ್ತು ಒಂದು ಮೋಟಾರನ್ನು ತಿರುಗಿಸುತ್ತದೆ. ಆ ಮೋಟಾರಿನ ಜತೆಗೆ ಸುತ್ತುವ ಚಕ್ರದ ಹಲ್ಲುಗಳಲ್ಲಿ ನೀಲಿ ಕಿಡಿ ಸಿಡಿಯುತ್ತದೆ. ಮೋರ್ಸ್ ಕೀಯನ್ನು ಒತ್ತಿದಾಗಲೆಲ್ಲ ಆ ಕಿಡಿಯ ಗರ್ಜನೆ. ಮೊದಲನೆಯ ಮಹಾಯುದ್ಧದ ಕಾಲದ ಸಾಮಾನ್ಯ ಹಡಗಿನ ಯಂತ್ರದ ಶಕ್ತಿ ಒಂದೂವರೆ ಕಿಲೋವ್ಯಾಟು. ಸಣ್ಣ ಸರಕುಹಡಗುಗಳಿಗೆ ಅದಕ್ಕಿಂತ ಕಡಿಮೆ. ಅಲೆಯ ಉದ್ದ ೬೦೦ ಮೀಟರು. ಕೇಳುವುದಕ್ಕೆ ಮಾರ್ಕೋನಿಯೇ ರೂಪಿಸಿದ ಕಾಂತಗ್ರಾಹಕ: ಗಡಿಯಾರದ ಕೀಲಿಯಂತೆ ಕೀಲಿ ಕೊಟ್ಟರೆ ಎರಡು ರಾಟೆಗಳ ಮೇಲೆ ಕಬ್ಬಿಣದ ತಂತಿಯ ಹುರಿ ಮೆಲ್ಲನೆ ಸುತ್ತುತ್ತ ಅಲೆಗಳನ್ನು ಹಿಡಿದು ಕಿವಿಗೆ ಸದ್ದಾಗಿ ಕೊಡುತ್ತದೆ. ಮೂಲೆಯಲ್ಲಿ ಒಂದು ಬ್ಯಾಟರಿಗಳ ಸಾಲು ಮತ್ತು ಕಿಡಿಯ ಸುರುಳಿ. ನೀರು ನುಗ್ಗಿ ಡೈನಮೋ ನಿಂತಾಗಲೂ ಕೆಲವು ಗಂಟೆಗಳು ಕೂಗಬಹುದಾದ ಆಪದ್ಧನ ಅದು. ಆ ಬ್ಯಾಟರಿಗಳ ಸಾಲಿನಷ್ಟು ಮನುಷ್ಯತ್ವದಿಂದ ಕೂಡಿದ ಯಂತ್ರಭಾಗವನ್ನು ನಾನು ಬೇರೆ ಕಂಡಿಲ್ಲ. ಹಡಗು ಸತ್ತ ಮೇಲೂ ಅದರ ದನಿ ಬದುಕಿರಲಿ ಎಂದು ಮಾಡಿಟ್ಟ ಏರ್ಪಾಡು ಅದು.

೧೯೦೯ರ ಜನವರಿಯಲ್ಲಿ ರಿಪಬ್ಲಿಕ್ ಎಂಬ ಹಡಗು ಢಿಕ್ಕಿಗೆ ಸಿಕ್ಕಿದಾಗ ಜ್ಯಾಕ್ ಬಿನ್ಸ್ ಎಂಬ ಆಪರೇಟರು ಮುರಿದ ಕೋಣೆಯಲ್ಲಿ ಕುಳಿತು ಕರೆ ಕಳುಹಿಸಿದುದರಿಂದ ಎರಡು ಹಡಗುಗಳ ಸುಮಾರು ೧,೫೦೦ ಜನ ಬದುಕಿದರು. ೧೯೧೨ರ ಏಪ್ರಿಲ್ ೧೪ರ ರಾತ್ರಿ ಟೈಟಾನಿಕ್ ಹಿಮಗುಡ್ಡಕ್ಕೆ ಬಡಿಯಿತು. ಜ್ಯಾಕ್ ಫಿಲಿಪ್ಸ್ ಮತ್ತು ಹೆರಾಲ್ಡ್ ಬ್ರೈಡ್ ಎಂಬ ಇಬ್ಬರು ಮಾರ್ಕೋನಿ ಆಪರೇಟರುಗಳು ನೀರು ಕಾಲಿಗೆ ಬರುವವರೆಗೆ ಕೀಯನ್ನು ಬಿಡಲಿಲ್ಲ. ಕಾರ್ಪೇಥಿಯ ಓಡಿ ಬಂದು ಸುಮಾರು ೭೦೦ ಜನರನ್ನು ಉಳಿಸಿತು. ಸುಮಾರು ೧,೫೦೦ ಜನ ಹೋದರು, ಅವರಲ್ಲಿ ಫಿಲಿಪ್ಸನೂ ಒಬ್ಬ. ಇನ್ನೂ ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗಿನ ಒಬ್ಬನೇ ಆಪರೇಟರು ದಿನವೆಲ್ಲ ದುಡಿದು ಮಲಗಿಬಿಟ್ಟಿದ್ದನು. ಕಾರ್ಪೇಥಿಯ ನ್ಯೂಯಾರ್ಕನ್ನು ಮುಟ್ಟಿದಾಗ ಮಾರ್ಕೋನಿ ಸ್ವತಃ ಹಡಗನ್ನು ಹತ್ತಿ, ಕಾಲು ಗಾಯಗೊಂಡಿದ್ದರೂ ಬದುಕಿದವರ ಸಂದೇಶಗಳನ್ನು ಕಳುಹಿಸುತ್ತ ಕುಳಿತಿದ್ದ ಬ್ರೈಡನನ್ನು ಕಂಡನು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಟಲಿಯಲ್ಲಿ ಮೋಟಾರು ಅಪಘಾತವಾಗಿ ಅವನು ತನ್ನ ಬಲಗಣ್ಣನ್ನು ಕಳೆದುಕೊಂಡನು.

ಟೈಟಾನಿಕ್ಕಿನ ಪಾಠದಿಂದ ೧೯೧೪ರ ಜನವರಿಯಲ್ಲಿ ಕಡಲಿನ ಜೀವರಕ್ಷಣೆಯ ಒಪ್ಪಂದವೊಂದಕ್ಕೆ ರಾಷ್ಟ್ರಗಳು ಸಹಿ ಹಾಕಿದವು. ಆದರೆ ಆ ಬೇಸಗೆಯಲ್ಲಿ ಯುರೋಪು ಹೊತ್ತಿಕೊಂಡಿತು. ಅಲ್ಲಿಯವರೆಗೆ ನಿಸ್ತಂತು ಮೊರೆಗೆ ಒಂದೇ ಅರ್ಥವಿತ್ತು: ಕೇಳಿದವರೆಲ್ಲ ಓಡಿ ಬನ್ನಿ. ಯುದ್ಧ ಬಂದೊಡನೆ ಕೇಳುವವರಲ್ಲಿ ಮಿತ್ರರೂ ಇದ್ದರು, ಕೊಲ್ಲುವವರೂ ಇದ್ದರು. ಅಲೆಗೆ ಅವರಿಬ್ಬರ ಭೇದ ಗೊತ್ತಿಲ್ಲ.

ಈ ಭೇದವಿಲ್ಲದಿಕೆಯ ಬೆಲೆಯನ್ನು ನಮ್ಮ ಸಮುದ್ರವೇ ಮೊದಲು ಕಂಡಿತು. ೧೯೧೪ರ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಜರ್ಮನಿಯ ಎಮ್ಡನ್ ಎಂಬ ಯುದ್ಧನೌಕೆ ಬಂಗಾಳ ಕೊಲ್ಲಿಯಲ್ಲಿಯೂ ಮಲಬಾರಿನ ಪಶ್ಚಿಮದ ಕಡಲಿನಲ್ಲಿಯೂ ಸುಳಿದಾಡಿ ಇಪ್ಪತ್ತಕ್ಕೂ ಹೆಚ್ಚು ವ್ಯಾಪಾರಿ ಹಡಗುಗಳನ್ನು ಹಿಡಿಯಿತು. ಸೆಪ್ಟೆಂಬರ್ ೨೨ರ ರಾತ್ರಿ ಮದರಾಸಿನ ಮೇಲೆ ಗುಂಡು ಸುರಿಸಿ ಎಣ್ಣೆಯ ತೊಟ್ಟಿಗಳಿಗೆ ಬೆಂಕಿ ಹಚ್ಚಿತು. ತಾನು ಬಾಯಿ ತೆರೆಯದೆ ಇತರರ ನಿಸ್ತಂತು ಮಾತಿಗೆ ಕಿವಿ ಕೊಡುವುದು ಅದರ ಚಾತುರ್ಯಗಳಲ್ಲಿ ಒಂದು. ಅದು ಕೊನೆಗೆ ಸಿಕ್ಕಿಬಿದ್ದುದೂ ನಿಸ್ತಂತುವಿನಿಂದಲೇ. ನವೆಂಬರ್ ೯ರಂದು ಕೋಕೋಸ್ ದ್ವೀಪದ ತಂತಿ ಕಚೇರಿಯವರು, ಅಪರಿಚಿತ ನೌಕೆಯೊಂದು ಬಂದಿದೆಯೆಂದು ಗಾಳಿಗೆ ಸಾರಿದರು. ಆ ಕೂಗನ್ನು ಕೇಳಿ ಬಂದ ಆಸ್ಟ್ರೇಲಿಯದ ಸಿಡ್ನಿ ಎಮ್ಡನ್ನಿನ ಕಥೆಯನ್ನು ಮುಗಿಸಿತು.

೧೯೧೫ರ ಏಪ್ರಿಲಿನಲ್ಲಿ ಮಾರ್ಕೋನಿ ಪೇಟೆಂಟಿನ ವ್ಯಾಜ್ಯವೊಂದಕ್ಕಾಗಿ ನ್ಯೂಯಾರ್ಕಿಗೆ ಹೋದನು. ಹೋದ ಹಡಗು ಲುಸಿಟೇನಿಯ. ಎದುರು ಪಕ್ಷ ಜರ್ಮನರ ಒಡೆತನದ ನಿಸ್ತಂತು ಕಂಪೆನಿ. ಅದರ ಪರವಾಗಿ ಬಂದಿದ್ದವನು ಆರು ವರ್ಷಗಳ ಹಿಂದೆ ಅವನೊಡನೆ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಕಾರ್ಲ್ ಫರ್ಡಿನಂಡ್ ಬ್ರೌನ್. ಮೇ ೭ರಂದು, ಅದೇ ಲುಸಿಟೇನಿಯ ಹಿಂದಿರುಗುವ ದಾರಿಯಲ್ಲಿ, ಐರ್ಲೆಂಡಿನ ತೀರದ ಬಳಿ, ಜರ್ಮನ್ ಜಲಾಂತರ್ಗಾಮಿಯೊಂದರ ಟಾರ್ಪೆಡೋಗೆ ಗುರಿಯಾಯಿತು. ರಾಬರ್ಟ್ ಲೀತ್ ಎಂಬ ಆಪರೇಟರು ಮೊರೆಯನ್ನು ಕಳುಹಿಸುತ್ತಿದ್ದಂತೆಯೇ ಹಡಗಿನ ವಿದ್ಯುತ್ತು ನಿಂತಿತು. ಅವನು ಬ್ಯಾಟರಿಗಳಿಂದ ಮುಂದುವರಿಸಿದನು. ಹದಿನೆಂಟು ನಿಮಿಷಗಳಲ್ಲಿ ಎಲ್ಲ ಮುಗಿಯಿತು. ಸತ್ತವರು ಸುಮಾರು ೧,೨೦೦. ಕೆಲವೇ ದಿನಗಳ ಹಿಂದೆ ಆ ಹಡಗಿನ ಅಟ್ಟದ ಮೇಲೆ ನಡೆದಾಡಿದ್ದ ಮನುಷ್ಯನಿಗೆ ಈ ಸುದ್ದಿ ಹೇಗೆ ತಾಕಿತೆಂಬುದನ್ನು ಊಹಿಸುವುದಕ್ಕೆ ನನಗೆ ಮಾತು ಬೇಕಾಗಿಲ್ಲ.

ಅದೇ ತಿಂಗಳು ಇಟಲಿ ಯುದ್ಧಕ್ಕೆ ಇಳಿಯಿತು. ಆಗಲೇ ಸೆನೆಟಿನ ಸದಸ್ಯನಾಗಿದ್ದ ಮಾರ್ಕೋನಿ ವ್ಯಾಜ್ಯವನ್ನು ಅರ್ಧಕ್ಕೆ ಬಿಟ್ಟು ಸೇಂಟ್ ಪಾಲ್ ಎಂಬ ಅಮೆರಿಕದ ಹಡಗನ್ನು ಹತ್ತಿದನು. ಜಲಾಂತರ್ಗಾಮಿಗಳು ಅವನನ್ನು ಸೆರೆಹಿಡಿಯಲು ಕಾದಿವೆಯೆಂಬ ವದಂತಿ ಹಬ್ಬಿತ್ತು. ಪ್ರಯಾಣಿಕರ ಪಟ್ಟಿಯಲ್ಲಿ ಹೆಸರಿಲ್ಲದೆ, ಪೆಟ್ಟಿಗೆಗಳ ಮೇಲಿನ ಚೀಟಿಗಳನ್ನು ಕಿತ್ತುಹಾಕಿ, ತನ್ನ ಯಂತ್ರವೇ ಕಾವಲಿದ್ದ ಹಡಗಿನಲ್ಲಿ ತಾನೇ ಅಡಗಿಕೊಂಡು ಬಂದನು. ಬ್ರೌನನ ಹಣೆಬರಹ ಬೇರೆ. ಸಮುದ್ರದ ದಾರಿ ಮುಚ್ಚಿತ್ತು. ಆ ಮುದುಕನಿಗೆ ತಾಯ್ನಾಡಿಗೆ ಮರಳಲಾಗದೆ, ೧೯೧೮ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಕಣ್ಣು ಮುಚ್ಚಿದನು. ಲೋಕದ ಮೂಲೆಮೂಲೆಗಳನ್ನು ಬೆಸೆದರೆಂದು ಒಂದೇ ವೇದಿಕೆಯ ಮೇಲೆ ಸನ್ಮಾನ ಪಡೆದವರಿಬ್ಬರೂ ಹೀಗೆ ಎರಡು ದಡಗಳಾದರು.

ಕಡಲಿನ ಮೇಲೆ ಹುಡುಗರ ಕಷ್ಟ ಹೆಚ್ಚಿತು. ೧೯೧೬ರಲ್ಲಿ ದೊಡ್ಡ ಬ್ರಿಟಿಷ್ ಸರಕುಹಡಗುಗಳಿಗೆ ನಿಸ್ತಂತು ಯಂತ್ರ ಕಡ್ಡಾಯವಾಯಿತು. ಶಾಲೆಗಳಿಂದ ಅವಸರದಲ್ಲಿ ತರಬೇತಾದ ತರುಣರು ಬಂದರು. ಕೇಳಬೇಕು, ಆದರೆ ಮಾತನಾಡಕೂಡದು. ಮಾತನಾಡಿದರೆ ಹಡಗಿನ ಜಾಗ ಶತ್ರುವಿಗೆ ತಿಳಿಯುತ್ತದೆ. ಜಲಾಂತರ್ಗಾಮಿ ಎದ್ದು ಬಂದಾಗ ಮಾತ್ರ ಬಾಯಿ ತೆರೆಯಬೇಕು. ತೆರೆದರೆ ಶತ್ರುವಿನ ಗುಂಡು ಮೊದಲು ಹುಡುಕುವುದು ಏರಿಯಲ್ ತಂತಿಯನ್ನೂ ಆ ಕೋಣೆಯನ್ನೂ. ೧೯೧೭ರ ಏಪ್ರಿಲ್ ಒಂದೇ ತಿಂಗಳಿನಲ್ಲಿ ಲೋಕದ ಹಡಗುಗಳಲ್ಲಿ ೮ ಲಕ್ಷ ಟನ್ನಿಗೂ ಹೆಚ್ಚು ಮುಳುಗಿತು. ಆ ಯುದ್ಧದಲ್ಲಿ ಕಡಲುಪಾಲಾದ ಮಾರ್ಕೋನಿ ಆಪರೇಟರುಗಳು ೩೦೦ಕ್ಕೂ ಹೆಚ್ಚು. ಅವರು ಸಾಯುತ್ತ ಕಳುಹಿಸಿದ ಕರೆಗಳಿಂದ ಬದುಕಿದವರಲ್ಲಿ ಕೊಂಕಣ, ಗೋವೆ, ಸಿಲ್ಹೆಟ್ಟುಗಳಿಂದ ಹೋಗಿ ಇಂಗ್ಲಿಷರ ಹಡಗುಗಳ ಒಲೆಗೆ ಕಲ್ಲಿದ್ದಲು ತುಂಬುತ್ತಿದ್ದ ನಮ್ಮ ಲಸ್ಕರರೂ ಇದ್ದರು.

ಮಾರ್ಕೋನಿ ಈ ಸಂಕಟವನ್ನು ಯಂತ್ರದ ಭಾಷೆಯಲ್ಲಿ ಅರ್ಥಮಾಡಿಕೊಂಡನು. ಉದ್ದ ಅಲೆ ದೀಪದ ಬೆಳಕಿನಂತೆ ಎಲ್ಲ ದಿಕ್ಕಿಗೂ ಹರಡುತ್ತದೆ. ಯಾರು ಬೇಕಾದರೂ ಕೇಳಬಹುದು. ಅವನ ಕಂಪೆನಿಯ ಎಂಜಿನಿಯರ್ ಎಚ್. ಜೆ. ರೌಂಡ್ ಎಂಬವನು ಅಲೆ ಬಂದ ದಿಕ್ಕನ್ನು ಅಳೆಯುವ ಕೇಂದ್ರಗಳನ್ನು ಕಟ್ಟಿ, ೧೯೧೬ರ ಮೇ ತಿಂಗಳ ಕೊನೆಯಲ್ಲಿ ಜರ್ಮನ್ ನೌಕಾಪಡೆ ಜಾಗ ಬದಲಿಸಿದ್ದನ್ನು ಕಂಡುಹಿಡಿದನು. ಜಟ್‌ಲೆಂಡಿನ ಕದನಕ್ಕೆ ಅದು ಮುನ್ಸೂಚನೆಯಾಯಿತು. ಹಾಗಾದರೆ ಕನ್ನಡಿಯಿಂದ ಬೆಳಕನ್ನು ಕಟ್ಟುವಂತೆ ಅಲೆಯನ್ನೂ ಒಂದೇ ದಿಕ್ಕಿಗೆ ಕಟ್ಟಲಾಗದೇ? ೧೯೧೬ರಲ್ಲಿ, ಇಟಲಿಯ ನೌಕಾದಳಕ್ಕಾಗಿ, ಸಿ. ಎಸ್. ಫ್ರಾಂಕ್ಲಿನ್ ಎಂಬ ಸಹಾಯಕನೊಡನೆ ಅವನು ಎರಡು ಮೂರು ಮೀಟರುಗಳ ಅತಿ ಗಿಡ್ಡ ಅಲೆಗಳ ಪ್ರಯೋಗಕ್ಕೆ ಕೈಹಾಕಿದನು. ಗೆಳೆಯನಿಗೆ ಕೇಳಿಸಬೇಕು, ಹಗೆಗೆ ಕೇಳಿಸಬಾರದು ಎಂಬ ಯುದ್ಧದ ಹಟದಿಂದಲೇ ಶಾಂತಿಕಾಲದ ಹ್ರಸ್ವತರಂಗಗಳ ವಿದ್ಯೆ ಬೆಳೆಯಿತು. ಅದರ ಫಲವಾಗಿ ಇಂಗ್ಲೆಂಡಿಗೂ ಅದರ ಅಧೀನ ದೇಶಗಳಿಗೂ ನೇರ ತರಂಗದ ತಂತಿ ಏರ್ಪಟ್ಟು, ೧೯೨೭ರಲ್ಲಿ ಪುಣೆಯ ಬಳಿಯ ಖಡಕಿ ಮತ್ತು ದೌಂಡಿನ ಕೇಂದ್ರಗಳ ಮೂಲಕ ಭಾರತಕ್ಕೂ ಬಂತು.

ಯುದ್ಧಾನಂತರ, ೧೯೧೯ರ ಬ್ರಿಟಿಷ್ ಕಾನೂನು ೧,೬೦೦ ಟನ್ನಿಗೆ ಮೇಲ್ಪಟ್ಟ ಸರಕುಹಡಗುಗಳಿಗೂ ನಿಸ್ತಂತುವನ್ನು ಶಾಂತಿಕಾಲದಲ್ಲಿಯೂ ಕಡ್ಡಾಯ ಮಾಡಿತು. ೧೯೨೦ರ ದಶಕದಲ್ಲಿ ಕ್ಯಾಲಿಫೋರ್ನಿಯನ್ನಿನ ನಿದ್ದೆಗೆ ಮದ್ದು ಸಿಕ್ಕಿತು: ನಾಲ್ಕು ಸೆಕೆಂಡುಗಳ ಹನ್ನೆರಡು ಗೆರೆಗಳನ್ನು ಗಾಳಿಗೆ ಬಿಟ್ಟರೆ ದೂರದ ಹಡಗಿನ ಯಂತ್ರ ಅದನ್ನು ಗುರುತಿಸಿ ತಾನೇ ಗಂಟೆ ಬಾರಿಸಿ ಮಲಗ�ಿದವನನ್ನು ಎಬ್ಬಿಸುತ್ತದೆ. ಪ್ರತಿ ಗಂಟೆಯಲ್ಲಿ ಎರಡು ಸಲ, ಮೂರು ಮೂರು ನಿಮಿಷ, ಎಲ್ಲ ಹಡಗುಗಳೂ ಮಾತು ನಿಲ್ಲಿಸಿ ಕ್ಷೀಣವಾದ ಮೊರೆಗಾಗಿ ಕಿವಿಗೊಡಬೇಕೆಂಬ ನಿಯಮ ಬಂತು. ಮಾರ್ಕೋನಿ ಯುದ್ಧದಲ್ಲಿ ಗಣಿಶೋಧಕ್ಕೆ ದುಡಿದಿದ್ದ ಒಂದು ವಿಹಾರನೌಕೆಯನ್ನು ಕೊಂಡು, ಎಲೆತ್ರ ಎಂದು ಹೆಸರಿಟ್ಟು, ಅದನ್ನೇ ಮನೆಯೂ ಪ್ರಯೋಗಶಾಲೆಯೂ ಆಗಿ ಮಾಡಿಕೊಂಡನು. ಮಂಜಿನಲ್ಲಿ ಎದುರು ಹಡಗಿಗೆ ತಾಗಿ ಮರಳುವ ಅಲೆಯಿಂದ ಅದರ ಇರವನ್ನು ತಿಳಿಯಬಹುದೆಂದು ೧೯೨೨ರಲ್ಲಿಯೇ ನ್ಯೂಯಾರ್ಕಿನ ಉಪನ್ಯಾಸದಲ್ಲಿ ಸೂಚಿಸಿದನು. ೧೯೩೪ರಲ್ಲಿ ಎಲೆತ್ರದ ಕಿಟಕಿಗಳಿಗೆ ಪರದೆ ಎಳೆದು, ಅಲೆಗಳ ಸುಳಿವಿನಿಂದಲೇ ಎರಡು ತೇಲುಗುರುತುಗಳ ನಡುವೆ ಹಡಗನ್ನು ನಡೆಸಿ ತೋರಿಸಿದನು.

ಆದರೆ ಅಲೆಗಳ ದಿಕ್ಕನ್ನು ಬಲ್ಲವನು ತನ್ನ ಕಾಲದ ದಿಕ್ಕನ್ನು ಅರಿಯಲಿಲ್ಲ. ಅಥವಾ ಅರಿತೂ ಅದರ ಜತೆ ಹೋದನು. ೧೯೨೩ರಲ್ಲಿ ಮುಸೊಲಿನಿಯ ಪಕ್ಷವನ್ನು ಸೇರಿದನು. ೧೯೩೦ರಲ್ಲಿ ಇಟಲಿಯ ರಾಯಲ್ ಅಕಾಡೆಮಿಯ ಅಧ್ಯಕ್ಷನಾಗಿ, ಆ ಮೂಲಕ ಫ್ಯಾಸಿಸ್ಟ್ ಮಹಾಮಂಡಲಿಯ ಸದಸ್ಯನೂ ಆದನು. ಅವನ ಅಧ್ಯಕ್ಷತೆಯ ಕಾಲದಲ್ಲಿ ಯೆಹೂದಿ ವಿದ್ವಾಂಸರಿಗೆ ಅಕಾಡೆಮಿಯ ಬಾಗಿಲು ಮುಚ್ಚಿತ್ತೆಂಬುದನ್ನು ಇತ್ತೀಚಿನ ಸಂಶೋಧಕರು ದಾಖಲೆಗಳಿಂದ ತೋರಿಸಿದ್ದಾರೆ. ೧೯೩೫ರಲ್ಲಿ ಇಥಿಯೋಪಿಯದ ಮೇಲಿನ ಆಕ್ರಮಣವನ್ನು ಲೋಕದ ಮುಂದೆ ಸಮರ್ಥಿಸಲು ಹೊರಟನು, ಬಿ.ಬಿ.ಸಿ. ಅವನಿಗೆ ಮಾತನಾಡಲು ಅವಕಾಶ ಕೊಡಲಿಲ್ಲ. ಲೋಕಕ್ಕೆ ದನಿ ಕೊಟ್ಟವನ ದನಿಯನ್ನೇ ಲೋಕ ಕೇಳಲೊಲ್ಲದಾಯಿತು. ಇದನ್ನು ಅವನ ದೊಡ್ಡತನದ ಮರೆಗೆ ಸರಿಸುವುದು ಸರಿಯಲ್ಲವೆಂದು ನಾನು ತಿಳಿದಿದ್ದೇನೆ.

೧೯೩೭ರ ಜುಲೈ ೨೦ರಂದು, ಅರುವತ್ಮೂರನೆಯ ವಯಸ್ಸಿನಲ್ಲಿ, ರೋಮಿನಲ್ಲಿ ಹೃದಯಾಘಾತದಿಂದ ತೀರಿಕೊಂಡನು. ಮರುದಿನ ಬ್ರಿಟನ್ನಿನ ಅಂಚೆ ಇಲಾಖೆಯ ನಿಸ್ತಂತು ಕೇಂದ್ರಗಳೂ ಬಿ.ಬಿ.ಸಿ.ಯೂ ಎರಡು ನಿಮಿಷ ಮೌನ ತಾಳಿದವು. ಬೇರೆ ಮಹಾಪುರುಷರು ಸತ್ತಾಗ ಜನ ಮಾತನಾಡುತ್ತಾರೆ. ಇವನು ಸತ್ತಾಗ ಗಾಳಿ ಮಾತು ನಿಲ್ಲಿಸಿತು.

ಎರಡೇ ವರ್ಷಗಳಲ್ಲಿ ಮತ್ತೆ ಯುದ್ಧ. ಮತ್ತೆ ಅದೇ ಕೋಣೆ, ಅದೇ ಹುಡುಗರು, ಇನ್ನೂ ಕಠಿನವಾದ ಮೌನ. ಜಲಾಂತರ್ಗಾಮಿ ಎರಗಿದರೆ ನಾಲ್ಕು ಸಲ ಎಸ್, ಯುದ್ಧನೌಕೆ ಬಂದರೆ ನಾಲ್ಕು ಸಲ ಆರ್, ವ್ಯಾಪಾರಿ ವೇಷದ ಶತ್ರುವಾದರೆ ನಾಲ್ಕು ಸಲ ಕ್ಯೂ, ವಿಮಾನವಾದರೆ ನಾಲ್ಕು ಸಲ ಎ, ಅದರೊಡನೆ ಹಡಗಿನ ಜಾಗ. ಇಷ್ಟನ್ನು ಕಳುಹಿಸಿದರೆ ತಮಗೆ ಸಹಾಯ ಬರುವ ಮೊದಲೇ ಗುಂಡು ಬರಬಹುದು. ಆದರೆ ಹಿಂದೆ ಬರುವ ಹಡಗುಗಳು ದಾರಿ ತಿರುಗಿಸಿ ಬದುಕುತ್ತವೆ. ಬರಿಯ ಕೇಳುವ ಯಂತ್ರವೂ ಸಣ್ಣಗೆ ಅಲೆಗಳನ್ನು ಹೊರಸೂಸಿ ಗುಟ್ಟು ಬಿಡುತ್ತದೆಂದು ತಿಳಿದು ನಾವಿಕರ ಸ್ವಂತ ರೇಡಿಯೋಗಳಿಗೂ ನಿರ್ಬಂಧ ಬಂತು. ನಮ್ಮ ಕಾರವಾರದ ಉತ್ತರಕ್ಕೆ, ಪೋರ್ಚುಗೀಸರ ಗೋವೆಯ ಮಾರ್ಮುಗೋವಾ ಬಂದರಿನಲ್ಲಿ, ಎಹ್ರೆನ್‌ಫೆಲ್ಸ್ ಎಂಬ ಜರ್ಮನ್ ಸರಕುಹಡಗು ಆಶ್ರಯ ಪಡೆದು ನಿಂತಿತ್ತು. ಅದರಲ್ಲಿ ಗುಪ್ತವಾದ ಪ್ರೇಷಕ ಯಂತ್ರವಿದ್ದು ಜಲಾಂತರ್ಗಾಮಿಗಳಿಗೆ ಸುಳಿವು ಕೊಡುತ್ತಿದೆಯೆಂದು ಬ್ರಿಟಿಷರು ಸಂಶಯಪಟ್ಟು, ೧೯೪೩ರ ಮಾರ್ಚ್ ೯ರ ರಾತ್ರಿ ಕಲ್ಕತ್ತೆಯಿಂದ ಗುಟ್ಟಾಗಿ ಒಂದು ತಂಡವನ್ನು ಕಳುಹಿಸಿದರು. ಆ ರಾತ್ರಿ ಹಡಗು ಉರಿದು ಮುಳುಗಿತು. ಅದೇ ವರ್ಷ ಜೂನಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಲಾಡ್ಜ್, ಟೆಸ್ಲಾ, ಸ್ಟೋನ್ ಇವರ ಹಿಂದಿನ ಕೆಲಸವನ್ನು ಎತ್ತಿ ತೋರಿಸಿ, ಮಾರ್ಕೋನಿಯ ಪ್ರಖ್ಯಾತ ಪೇಟೆಂಟೊಂದರ ಮುಖ್ಯ ಹಕ್ಕುಗಳನ್ನು ತಳ್ಳಿಹಾಕಿತು. ಅವನ ಪ್ರೀತಿಯ ಎಲೆತ್ರವನ್ನೂ ಆ ವರ್ಷ ಜರ್ಮನ್ ನೌಕಾದಳ ವಶಪಡಿಸಿಕೊಂಡು ತೋಪುಗಳನ್ನು ಹೊರಿಸಿತು. ೧೯೪೪ರ ಜನವರಿಯಲ್ಲಿ ಡಾಲ್ಮೇಶಿಯದ ತೀರದ ಬಳಿ ಅದು ಬಾಂಬುದಾಳಿಗೆ ಸಿಕ್ಕಿ ನಾಶವಾಯಿತು.

ಹೀಗೆ ಅವನ ಪೇಟೆಂಟು ಹೋಯಿತು, ನೌಕೆ ಹೋಯಿತು, ನಂಬಿದ ರಾಜ್ಯವೂ ಹೋಯಿತು. ೧೯೯೯ರ ಫೆಬ್ರುವರಿ ೧ರಿಂದ ಉಪಗ್ರಹಗಳನ್ನೊಳಗೊಂಡ ಹೊಸ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದು, ಹಡಗಿನ ಕೋಣೆಯ ಮೋರ್ಸ್ ಆಪರೇಟರಿನ ಕೆಲಸವೂ ಮುಗಿಯಿತು. ಉಳಿದದ್ದೇನು? ಮುಳುಗುವವನು ಕೂಗಬಹುದು, ಕೇಳಿದವನು ಬರಬೇಕು ಎಂಬ ಒಂದು ಧರ್ಮ. ಆ ಧರ್ಮವನ್ನು ಯಂತ್ರವೊಂದೇ ಕಟ್ಟಲಿಲ್ಲ. ಯಂತ್ರವನ್ನು ಮಾರ್ಕೋನಿ ಕೊಟ್ಟನು, ಧರ್ಮವನ್ನು ಕೊಟ್ಟವರು ಎದ್ದು ಹೋಗಬಹುದಾಗಿದ್ದ ಕುರ್ಚಿಯಲ್ಲಿ ಕುಳಿತೇ ಉಳಿದ ಆ ಹುಡುಗರು. ಅವರಲ್ಲಿ ಬಹುಮಂದಿಯ ಹೆಸರು ಲೋಕಕ್ಕೆ ಗೊತ್ತಿಲ್ಲ. ಮಾರ್ಕೋನಿಯ ಹೆಸರನ್ನು ಹೇಳುವಾಗಲೆಲ್ಲ ಅವರ ಪಾಲನ್ನೂ ಸೇರಿಸಿ ಹೇಳಿದಂತಾಗಲಿ ಎಂದು ನಾನು ಈ ಮಾತುಗಳನ್ನು ಬರೆದೆನು.